ಲೆದರ್ ಸೀಟಿನ ಇಂಕ್ ಕಲೆಗೆ ಟೂತ್‌ಪೇಸ್ಟ್ ಹಚ್ಚಬಹುದಾ?

ಪ್ರಶ್ನೆ: "ಸಾರ್, ನಮ್ಮ ಕಾರಿನದು ಬೀಜ್ ಬಣ್ಣದ ಲೆದರ್ ಸೀಟು. ಮಗಳು ಹಿಂದೆ ಕೂತು ಹೋಂವರ್ಕ್ ಮಾಡುವಾಗ ನೀಲಿ ಬಾಲ್ ಪೆನ್ನಿನಲ್ಲಿ ಉದ್ದಕ್ಕೆ ಗೀಚಿಬಿಟ್ಟಿದ್ದಾಳೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತೆ ಅಂತಾರೆ. ನಿಜಾನಾ?"

ಉತ್ತರ: ಹೋಗುತ್ತೆ. ಇಂಕೂ ಹೋಗುತ್ತೆ, ಜೊತೆಗೆ ಸೀಟಿನ ಬಣ್ಣವೂ ಹೋಗುತ್ತೆ.

ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ. ಊರು ಬೇರೆ, ಕಾರು ಬೇರೆ, ಪೇಸ್ಟ್ ಮಾತ್ರ ಅದೇ. ಅರ್ಜೆಂಟ್ ಇರುವವರಿಗೆ ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ: ಮೆಡಿಕಲ್ ಶಾಪಿನಿಂದ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, ಒಂದು ಡಬ್ಬಿ ಇಯರ್ ಬಡ್ಸ್ ತನ್ನಿ, ಆಮೇಲೆ ಕೆಳಗೆ "ಶುರು ಮಾಡುವ ಮೊದಲು" ಅನ್ನುವಲ್ಲಿಗೆ ಹೋಗಿ. ಪೇಸ್ಟ್ ಟ್ಯೂಬು ಈಗಾಗಲೇ ಕೈಯಲ್ಲಿ ಹಿಡಿದು ನಿಂತಿರುವವರು ದಯವಿಟ್ಟು ಇಲ್ಲೇ ಇರಿ.

ಟೂತ್‌ಪೇಸ್ಟಿನಲ್ಲಿ ಏನಿದೆ ಅಂತ ಟ್ಯೂಬಿನ ಹಿಂದೆ ಓದಿದ್ದೀರಾ? ನೊರೆ ಬರಿಸುವ ಸೋಪಿನ ಜಾತಿಯ ವಸ್ತು, ಘಮಕ್ಕೆ ಪುದೀನ, ಅಂಟಿಗೆ ಏನೋ ಒಂದು. ಇವೆಲ್ಲದರ ಜೊತೆಗೆ ನುಣ್ಣನೆಯ ಪುಡಿ. ನಮ್ಮ ಬಿಳಿ ಪೇಸ್ಟುಗಳಲ್ಲಿ ಆ ಪುಡಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣದ ಕಲ್ಲಿನದೇ ವಸ್ತು. ಜೆಲ್ ಪೇಸ್ಟಿನಲ್ಲಿ ಸಿಲಿಕಾ ಇರುತ್ತದೆ. ಬಾಲ್ ಪೆನ್ನಿನ ಎಣ್ಣೆಯಂಥ ಇಂಕನ್ನು ಕರಗಿಸುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಹಲ್ಲಿನ ಮೇಲಿನ ಕಲೆಯನ್ನು ಪೇಸ್ಟ್ ತೆಗೆಯುವುದು ಮುಖ್ಯವಾಗಿ ತಿಕ್ಕಿ. ಸೀಟಿನ ಮೇಲೂ ಅದು ಮಾಡುವುದು ಅದನ್ನೇ.

ಈಗ ಸ್ವಲ್ಪ ಲೆಕ್ಕ. ಕಲ್ಲು ಖನಿಜಗಳ ಗಟ್ಟಿತನ ಹೇಳಲು ಮೋಸ್ ಅಂತ ಒಂದು ಅಳತೆ ಇದೆ, 1ರಿಂದ 10ರವರೆಗೆ. ವಜ್ರ 10. ಹಲ್ಲಿನ ಎನಾಮೆಲ್ ಹತ್ತಿರ ಹತ್ತಿರ 5. ಕ್ಯಾಲ್ಸಿಯಂ ಕಾರ್ಬೋನೇಟ್ 3. ನಿಮ್ಮ ಉಗುರು ಸುಮಾರು ಎರಡೂವರೆ. ಹಲ್ಲಿಗಿಂತ ಮೆತ್ತಗಿರುವ ಪುಡಿಯನ್ನು ಆರಿಸಿ ಹಾಕಿರುವುದರಿಂದಲೇ ದಿನಾ ಉಜ್ಜಿದರೂ ಹಲ್ಲು ಉಳಿದಿದೆ. ಆದರೆ ಸೀಟಿನ ಮೇಲ್ಪದರ? ಉಗುರಿನಲ್ಲಿ ಗೀರಿದರೆ ಸಾಕು, ಗುರುತು ಬೀಳುತ್ತೆ. ಎನಾಮೆಲ್‌ಗೆ ಅಂತ ಮಾಡಿದ ಪುಡಿಯನ್ನು ಅದರ ಮೇಲೆ ಹಳೇ ಬ್ರಷ್ಷಿನಲ್ಲಿ ತಿಕ್ಕಿದರೆ ಏನಾಗುತ್ತೆ ಅಂತ ನಾನು ಹೇಳಬೇಕಾ? ಒಂದು ಪೇಸ್ಟ್ ಎಷ್ಟು ಸವೆಸುತ್ತದೆ ಅಂತ ಅಳೆಯಲು ಆರ್‌ಡಿಎ ಅನ್ನುವ ಅಂಕಿಯೂ ಇದೆ, ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದಕ್ಕೆ 250 ಅಂತ ಮಿತಿ ಇದೆ. ಅದನ್ನು ಅಳೆಯುವುದೂ ಹಲ್ಲಿನ ಭಾಗದ ಮೇಲೆಯೇ. ಸೀಟಿಗೆ ಇಷ್ಟು ಸೇಫು ಅಂತ ಯಾವ ಟ್ಯೂಬಿನ ಮೇಲೂ ಬರೆದಿರುವುದಿಲ್ಲ.

ಆ ಮೇಲ್ಪದರ ಅಂದರೆ ಏನು ಅನ್ನುವುದು ಗೊತ್ತಾದರೆ ಅರ್ಧ ಸಮಸ್ಯೆ ಮುಗಿಯುತ್ತೆ. ಕಾರಿನಲ್ಲಿ ಬರುವ ಲೆದರ್ ಬರೀ ಚರ್ಮವಲ್ಲ. ಹದ ಮಾಡಿದ ಚರ್ಮ, ಅದರ ಮೇಲೆ ಬಣ್ಣದ ಪದರ, ಅದರ ಮೇಲೆ ಪಾರದರ್ಶಕವಾದ ಪಾಲಿಯುರೆಥೇನ್ ಟಾಪ್ ಕೋಟ್. ನೀವು ಕೈಯಾಡಿಸುವುದು ಚರ್ಮದ ಮೇಲಲ್ಲ, ಈ ಕೋಟಿನ ಮೇಲೆ. ಬಣ್ಣ, ಕೋಟ್ ಎಲ್ಲ ಸೇರಿ ಎಷ್ಟು ದಪ್ಪ ಗೊತ್ತಾ? ಯುರೋಪಿನ ಮಾನದಂಡದಲ್ಲಿ ಅದು 0.15 ಮಿಲಿಮೀಟರ್ ದಾಟಿದರೆ ಸುಮ್ನೆ ಲೆದರ್ ಅನ್ನುವ ಹಾಗಿಲ್ಲ, ಕೋಟೆಡ್ ಲೆದರ್ ಅಂತಲೇ ಹೇಳಬೇಕು. ಅಂದರೆ ಒಳ್ಳೆಯ ಸೀಟಿನಲ್ಲಿ ಅದಕ್ಕಿಂತ ತೆಳ್ಳಗಿರುತ್ತೆ. ಪೇಸ್ಟ್ ಹಚ್ಚಿ ಉಜ್ಜುವುದು ಅಂದರೆ ಗೋಡೆ ಮೇಲೆ ಮಗು ಗೀಚಿದ್ದನ್ನು ಅಳಿಸಲು ಸುಣ್ಣವನ್ನೇ ಕೆರೆದ ಹಾಗೆ.

"ನಮ್ಮ ಭಾವನ ಕಾರಿನಲ್ಲಿ ಹೋಯ್ತಲ್ಲ ಸಾರ್" ಅಂತೀರಿ. ಗೊತ್ತು. ಭಾವನವರು ಉಜ್ಜಿದ ಬಟ್ಟೆ ಇನ್ನೂ ಇದ್ದರೆ ಬೆಳಕಿಗೆ ಹಿಡಿದು ನೋಡಿ. ನೀಲಿ ಇರುತ್ತೆ, ಸರಿ. ನೀಲಿಯ ಸುತ್ತ ತಿಳಿ ಕಂದು ಬಣ್ಣದ ಛಾಯೆಯೂ ಇರುತ್ತೆ. ಅದು ಕೊಳೆ ಅಂತ ಅವರು ಅಂದುಕೊಂಡಿದ್ದಾರೆ. ಅದು ಸೀಟಿನ ಬಣ್ಣ. ಇನ್ನೊಂದು ಪರೀಕ್ಷೆ: ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಸೀಟಿಗೆ ಅಡ್ಡಡ್ಡವಾಗಿ, ಹೆಚ್ಚುಕಡಿಮೆ ತಾಗಿಸಿಯೇ ಹಿಡಿಯಿರಿ. ಉಜ್ಜಿದ ಜಾಗ ಮಂಕಾಗಿರುತ್ತೆ. ಚರ್ಮದ ಸಣ್ಣ ಸಣ್ಣ ಗೆರೆಗಳ ಅಚ್ಚು ಅಲ್ಲಿ ಅಳಿಸಿಹೋಗಿ ಬೋಳಾಗಿರುತ್ತೆ. ಹೊಲಿಗೆ ಇದ್ದರೆ ದಾರದ ಪಕ್ಕದ ತೂತುಗಳಲ್ಲಿ ಬಿಳಿ ಪುಡಿ ಒಣಗಿ ಕೂತಿರುತ್ತೆ. ಗಾಳಿ ಬರುವ ವೆಂಟಿಲೇಟೆಡ್ ಸೀಟಾದರೆ ಕೇಳುವುದೇ ಬೇಡ, ಆ ಸಾವಿರಾರು ತೂತಿನೊಳಗೆ ಪೇಸ್ಟು. ಸೂಜಿ ತಗೊಂಡು ಒಂದೊಂದಾಗಿ ಕೀಳುತ್ತಾ ಕೂರಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿದೆ, ಅದಕ್ಕೇ ಇಷ್ಟು ಕೋಪ.

ಕೋಟ್ ಹೋದ ಜಾಗದ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬೆವರು, ಧೂಳು, ಜೀನ್ಸಿನ ನೀಲಿ ಎಲ್ಲ ಮೊದಲು ಹಿಡಿಯುವುದು ಅಲ್ಲೇ. ಮಗಳು ಮುಂದಿನ ವರ್ಷ ಅದೇ ಜಾಗದಲ್ಲಿ ಗೀಚಿದರೆ ಇಂಕು ನೇರವಾಗಿ ಒಳಗಿಳಿಯುತ್ತೆ. ಆಗ ಯಾವ ಆಲ್ಕೋಹಾಲೂ ಅದನ್ನು ಪೂರ್ತಿ ಎತ್ತುವುದಿಲ್ಲ.

ಪೇಸ್ಟಿನ ಮೇಲೆ ಜನರಿಗೆ ಇಷ್ಟು ನಂಬಿಕೆ ಯಾಕೆ ಅನ್ನುವುದೂ ಅರ್ಥವಾಗುತ್ತೆ. ಬೆಳ್ಳಿ ದೀಪ, ಕಾಲ್ಗೆಜ್ಜೆ ಪೇಸ್ಟಿನಲ್ಲಿ ತಿಕ್ಕಿದರೆ ಫಳಫಳ ಹೊಳೆಯುತ್ತೆ. ಬೆಳ್ಳಿ ಮೇಲಿನಿಂದ ಒಳಗಿನ ತನಕ ಬೆಳ್ಳಿಯೇ. ಒಂದು ಪದರ ಸವೆದರೆ ಕೆಳಗೆ ಮತ್ತೆ ಬೆಳ್ಳಿ. ಸೀಟು ಹಾಗಲ್ಲ ಅಲ್ವಾ. ಹೆಡ್‌ಲೈಟ್ ಹಳದಿಯಾದಾಗ ಪೇಸ್ಟ್ ಹಚ್ಚಿ ಹೊಳಪು ತರಿಸುವ ವಿಡಿಯೋಗಳೂ ಇವೆ. ಅಲ್ಲೂ ಆಗುವುದು ಇದೇ. ಬಿಸಿಲಿನಿಂದ ಕಾಪಾಡುವ ಕೋಟಿನಲ್ಲಿ ಉಳಿದದ್ದೂ ಸವೆದುಹೋಗಿ, ಸ್ವಲ್ಪ ದಿನದಲ್ಲೇ ಮತ್ತೆ ಹಳದಿ. ವಿಡಿಯೋದವರು ಆಮೇಲಿನ ವಿಡಿಯೋ ಹಾಕುವುದಿಲ್ಲ.

ಉಳಿದ ಮನೆಮದ್ದುಗಳನ್ನು ಬೇಗ ಮುಗಿಸೋಣ. ನೇಲ್ ಪಾಲಿಶ್ ರಿಮೂವರ್ ಹತ್ತಿರಕ್ಕೂ ತರಬೇಡಿ. ಅದರಲ್ಲಿನ ಅಸಿಟೋನ್ ಇಂಕಿನ ಜೊತೆ ಸೀಟಿನ ಬಣ್ಣವನ್ನೂ ಕರಗಿಸುತ್ತೆ. ಹಾಲಿನಿಂದ ವಾಸನೆ ಮಾತ್ರ ಬರುತ್ತೆ. ಹೇರ್ ಸ್ಪ್ರೇ, ಡಿಯೋ ಇವುಗಳಲ್ಲಿ ಕೆಲಸ ಮಾಡುವುದು ಆಲ್ಕೋಹಾಲು. ಜೊತೆಗೆ ಅಂಟೂ ಸೆಂಟೂ ಸೀಟಿಗೆ ಮೆತ್ತಿಕೊಳ್ಳುತ್ತೆ, ಇಂಕು ಕರಗಿ ಅಗಲಕ್ಕೆ ಹರಡುತ್ತೆ. ಸ್ಯಾನಿಟೈಸರ್ ಕೂಡ ಅದೇ ಕಥೆ. ಜೆಲ್ ಆದ್ದರಿಂದ ಬೇಗ ಆರದೆ ಅಲ್ಲೇ ಕೂತು ಕೋಟನ್ನು ಮೆತ್ತಗೆ ಮಾಡುತ್ತೆ. ಆಲ್ಕೋಹಾಲೇ ಬೇಕು ಅಂದಮೇಲೆ ಆಲ್ಕೋಹಾಲನ್ನೇ ತನ್ನಿ.

ಶುರು ಮಾಡುವ ಮೊದಲು ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ: ನಿಮ್ಮ ಲೆದರ್ ಸೀಟು ಲೆದರ್ ಅಲ್ಲದೇ ಇರಬಹುದು. ಬ್ರೋಶರ್ ತೆಗೆದು ನೋಡಿ, "ಲೆದರೆಟ್" ಅಂತ ಇದೆಯಾ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಲಿಸಿದ ಕವರಾದರೆ ಅಂಗಡಿಯವರು ಅದನ್ನು ಆರ್ಟ್ ಲೆದರ್ ಅಂದಿರುತ್ತಾರೆ. ಎರಡೂ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಿಯು (ಪಾಲಿಯುರೆಥೇನ್) ಪ್ಲಾಸ್ಟಿಕ್ ಬಳಿದದ್ದು, ನಮ್ಮ ಹಳೇ ರೆಕ್ಸಿನ್ನಿನ ಮೊಮ್ಮಕ್ಕಳು. ನಿಜವಾದ ಲೆದರ್ ಹಾಕಿರುವ ಎಷ್ಟೋ ಕಾರುಗಳಲ್ಲೂ ಮೈ ತಾಗುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಬೆನ್ನು ಪ್ಲಾಸ್ಟಿಕ್ಕೇ. ಇದರಲ್ಲಿ ನಾಚಿಕೆ ಏನಿಲ್ಲ. ಆದರೆ ಇಂಕಿನ ವಿಷಯದಲ್ಲಿ ವ್ಯತ್ಯಾಸ ಇದೆ. ಪಿವಿಸಿಯನ್ನು ಬಾಗುವ ಹಾಗೆ ಮೆತ್ತಗಿಡಲು ಅದರೊಳಗೆ ಎಣ್ಣೆಯಂಥ ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ಬಾಲ್ ಪೆನ್ನಿನ ಬಣ್ಣ ಅದರೊಳಗೆ ಸೇರಿಕೊಂಡು ದಿನ ಕಳೆದ ಹಾಗೆ ಕೆಳಗಿಳಿಯುತ್ತೆ. ಕಾರು ಬಿಸಿಲಲ್ಲಿ ನಿಂತರೆ ಇನ್ನೂ ಬೇಗ. ಹಾಗಾಗಿ ದುಬಾರಿ ಚರ್ಮಕ್ಕಿಂತ ಅಗ್ಗದ ರೆಕ್ಸಿನ್ನಿನಲ್ಲೇ ಇಂಕು ಜಾಸ್ತಿ ಹಟ ಮಾಡುತ್ತೆ. ಭಾನುವಾರ ನೋಡೋಣ ಅನ್ನಬೇಡಿ. ಇವತ್ತೇ ಮಾಡಿ.

ಅಪರೂಪಕ್ಕೆ ಕೋಟೇ ಇಲ್ಲದ ಚರ್ಮವೂ ಇರುತ್ತೆ. ಮರೆಯಲ್ಲಿರುವ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ಹನಿಯಾಗಿಯೇ ನಿಂತರೆ ಕೋಟ್ ಇದೆ, ಮುಂದುವರಿಯಿರಿ. ಹೀರಿಕೊಂಡು ಕಪ್ಪಾದರೆ ಕೈ ಹಾಕಬೇಡಿ, ಚರ್ಮದ ಕೆಲಸ ಗೊತ್ತಿರುವವರಿಗೇ ಕೊಡಿ.

ಈಗ ಕೆಲಸ. ಕಾರನ್ನು ನೆರಳಿಗೆ ಹಾಕಿ, ಬಾಗಿಲುಗಳನ್ನು ತೆರೆದಿಡಿ. ಆಲ್ಕೋಹಾಲಿನ ಆವಿ ಬೆಂಕಿ ಹಿಡಿಯುವಂಥದ್ದು, ಪಕ್ಕದಲ್ಲಿ ಸಿಗರೇಟು ಊದುವವರನ್ನು ಆಚೆ ಕಳಿಸಿ. ಮೊದಲು ಸೀಟಿನ ಕೆಳಗೆ, ಕಾಣದ ಜಾಗದಲ್ಲಿ ಬಡ್ಸನ್ನು ಅದ್ದಿ ಒತ್ತಿ ನೋಡಿ. ಬಡ್ಸಿಗೆ ಸೀಟಿನ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಇನ್ನೊಂದು ಬಡ್ಸ್ ಅದ್ದಿ, ಬಾಟಲಿಯ ಬಾಯಿಗೆ ಒತ್ತಿ ಹೆಚ್ಚಿನದನ್ನು ಇಳಿಸಿ. ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ಅದನ್ನು ಪೆನ್ನಿನ ಗೆರೆಯ ಮೇಲೆ ಉರುಳಿಸಿ. ಅತ್ತಿತ್ತ ತಿಕ್ಕಬೇಡಿ. ಒಂದು ತುದಿಯಿಂದ ಶುರು ಮಾಡಿ ಗೆರೆಯ ಉದ್ದಕ್ಕೆ ಹೋಗಿ, ಗೆರೆಯ ಅಗಲ ದಾಟಬೇಡಿ. ಹತ್ತಿ ಇಂಕನ್ನು ಹೀರಿ ನೀಲಿಯಾಗುತ್ತೆ. ನೀಲಿಯಾದ ಬದಿಯನ್ನು ಮತ್ತೆ ಸೀಟಿಗೆ ತಾಗಿಸಿದರೆ ಎತ್ತಿದ ಇಂಕನ್ನು ನೀವೇ ವಾಪಸ್ ಬಳಿದ ಹಾಗಾಗುತ್ತೆ. ಬಡ್ಸ್ ತಿರುಗಿಸಿ, ಆಮೇಲೆ ಬಿಸಾಡಿ, ಹೊಸದು ತಗೊಳ್ಳಿ. ಒಂದು ಗೇಣು ಗೆರೆಗೆ ಅರ್ಧ ಡಬ್ಬಿ ಖಾಲಿಯಾದರೂ ಆಶ್ಚರ್ಯ ಇಲ್ಲ. ಇಲ್ಲಿ ಜಿಪುಣತನ ಮಾಡುವವರೇ ಸೀಟಿಡೀ ತಿಳಿ ನೀಲಿ ಮಾಡಿಕೊಂಡು ನಮ್ಮ ಹತ್ತಿರ ಬರುವುದು.

ನಡುನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೆರಡು ನಿಮಿಷ ಆರಲು ಬಿಡಿ. ಆಲ್ಕೋಹಾಲ್ ಕೋಟನ್ನು ಸ್ವಲ್ಪ ಮೆತ್ತಗೆ ಮಾಡಿರುತ್ತೆ, ಆಗಲೇ ಬಿಡದೆ ಒತ್ತಿದರೆ ಬಣ್ಣ ಏಳುತ್ತೆ. ಬಡ್ಸಿನಲ್ಲಿ ಬೀಜ್ ಬಣ್ಣ ಕಂಡ ಕ್ಷಣ ಕೆಲಸ ಮುಗಿಯಿತು, ಇಂಕು ಇನ್ನೂ ಉಳಿದಿದ್ದರೂ ಸರಿ. ಕೊನೆಗೆ ಒಂದು ಹನಿ ಬೇಬಿ ಶಾಂಪೂ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯಿರಿ. ಮಸುಕಾದ ಗೆರೆ ಉಳಿದರೆ ಅದರ ಜೊತೆ ಬದುಕಿ, ಇಲ್ಲವೇ ಡೀಟೇಲಿಂಗ್‌ನವರ ಹತ್ತಿರ ಅಷ್ಟು ಜಾಗಕ್ಕೆ ಬಣ್ಣ ಹೊಂದಿಸಿ ಕೋಟ್ ಹಾಕಿಸಿ. ಇಡೀ ಸೀಟು ಬದಲಿಸಿ ಅನ್ನುವವರ ಮಾತಿಗೆ ಬೇಗ ತಲೆಯಾಡಿಸಬೇಡಿ. ಆ ಒಂದು ತುಂಡನ್ನು ಮಾತ್ರ ಬಿಚ್ಚಿ ಹೊಸದು ಹೊಲಿಯಲು ಬರುತ್ತೆ.

ಇಷ್ಟೂ ಹೇಳಿದ್ದು ಬಾಲ್ ಪೆನ್ನಿಗೆ. ಹೀರೋ ಪೆನ್ನಿನಂಥ ಫೌಂಟನ್ ಪೆನ್ನಿನ ಇಂಕು ನೀರಿನದು, ತಕ್ಷಣ ಒದ್ದೆ ಬಟ್ಟೆ ಒತ್ತಿದರೆ ಬಹುಪಾಲು ಬರುತ್ತೆ. ಜೆಲ್ ಪೆನ್ನೂ ಒದ್ದೆ ಇರುವಾಗ ಸುಲಭ. ಒಣಗಿದರೆ ಅದರಲ್ಲಿರುವ ಬಣ್ಣದ ಪುಡಿ ಕರಗುವ ಜಾತಿಯದ್ದಲ್ಲ, ಸಾಬೂನು ನೀರಿನಲ್ಲಿ ನಿಧಾನವಾಗಿ ಬಿಡಿಸಬೇಕು. ಪರ್ಮನೆಂಟ್ ಮಾರ್ಕರ್ ಮತ್ತೆ ಆಲ್ಕೋಹಾಲಿಗೇ ಬಗ್ಗುತ್ತೆ, ಆದರೆ ಬೇಗ ಒಳಗಿಳಿಯುತ್ತೆ.

ಯಾರೂ ಕೇಳದ ಇನ್ನೊಂದು ಇಂಕಿನ ಬಗ್ಗೆ ಹೇಳದೆ ಬಿಟ್ಟರೆ ಮೈಸೂರಿನವನಾದ ನನಗೆ ಸಮಾಧಾನ ಇಲ್ಲ. ವೋಟು ಹಾಕಿ ಬಂದು, ಬೆರಳು ಒಣಗುವ ಮೊದಲೇ ಕಾರು ಹತ್ತಿ ಸೀಟು ಹಿಡಿದುಕೊಂಡರೆ? ಆ ಶಾಯಿ ನಮ್ಮ ಊರಿನದೇ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ ಶುರುವಾದ ಕಾರ್ಖಾನೆ, ಈಗ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಶಾಯಿ ಹೋಗುತ್ತಿದೆ, ಹೊರದೇಶಗಳಿಗೂ ಹೋಗಿದೆ. ಕಾಣುವ ನೇರಳೆ ಬಣ್ಣ ಬರೀ ಗುರುತಿಗೆ. ಹಿಡಿದು ಕೂರುವುದು ಅದರಲ್ಲಿರುವ ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದು ಬೆಳ್ಳಿಯ ಕಪ್ಪಾಗಿ ನಿಲ್ಲುತ್ತೆ. ಅದು ನೀರಿಗೂ ಕರಗುವುದಿಲ್ಲ, ಆಲ್ಕೋಹಾಲಿಗೂ ಇಲ್ಲ. ಬೆರಳಿನ ಕಲೆ ಹೋಗುವುದು ಚರ್ಮ ಉದುರಿ ಉಗುರು ಬೆಳೆದಾಗ. ಸೀಟಿಗೆ ಹೊಸ ಚರ್ಮ ಬೆಳೆಯುವುದಿಲ್ಲವಲ್ಲ. ಹಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಬಿಸಿಲು ಬೀಳುವ ಮೊದಲು. ಕಪ್ಪಾದ ಮೇಲೆ ನನಗೆ ಫೋಟೋ ಕಳಿಸಿ ಪೇಸ್ಟ್ ಹಚ್ಚಲಾ ಅಂತ ಮಾತ್ರ ಕೇಳಬೇಡಿ.