ಜೀತ ಪದ್ಧತಿ ಕಾಯ್ದೆ: ನಾನು ಎಡವಿದ ಜಾಗ

ತುಮಕೂರಿನ ಲೈಬ್ರರಿಯಲ್ಲಿ ಕೂತು ಓದುವ ನಾವೆಲ್ಲ ಜೀತ ಅಂದಕೂಡಲೇ ಅಜ್ಜಂದಿರ ಕಾಲದ್ದು ಅಂತ ಪುಟ ತಿರುವುತ್ತೇವೆ. ನಾನೂ ಹಾಗೇ ಮಾಡಿ ಮಾಕ್ ಟೆಸ್ಟ್‌ನಲ್ಲಿ ಅಂಕ ಕಳೆದುಕೊಂಡೆ.

ಪ್ರಶ್ನೆ ಇದು. ಇಟ್ಟಿಗೆ ಗೂಡಿನ ಮಾಲೀಕ ಒಬ್ಬ ಕೂಲಿಗೆ 30,000 ರೂಪಾಯಿ ಮುಂಗಡ ಕೊಟ್ಟಿದ್ದಾನೆ. ಪತ್ರ ಇಲ್ಲ, ಬಾಯಿಮಾತು. ವಾರದ ಖರ್ಚಿಗೆ ಒಂದಿಷ್ಟು ಕೊಡುತ್ತಾನೆ. ಸಾಲ ತೀರುವ ತನಕ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ. ಇದು ಜೀತವೇ? ಪತ್ರ ಇಲ್ಲ, ದುಡ್ಡೂ ಸಿಗ್ತಿದೆ, ಹಾಗಾಗಿ ಅಲ್ಲ ಅಂತ ಬರೆದೆ. ಎರಡೂ ಕಾರಣ ತಪ್ಪು.

1976ರ ಕಾಯ್ದೆಯ ಸೆಕ್ಷನ್ 2 ನೋಡಿ. ಒಪ್ಪಂದ ಬಾಯಿಮಾತಿನದಾದರೂ ನಡೆಯುತ್ತದೆ. ಸಾಲಕ್ಕೆ ಬದಲಾಗಿ ಕೂಲಿ ಇಲ್ಲದೆ ಅಥವಾ ಹೆಸರಿಗಷ್ಟೇ ಕೂಲಿಗೆ ದುಡಿಯುವುದು, ಬೇರೆ ಕೆಲಸ ಹಿಡಿಯಲಾಗದಿರುವುದು, ಊರು ಬಿಟ್ಟು ಓಡಾಡಲಾಗದಿರುವುದು, ತಾನು ಬೆಳೆದದ್ದನ್ನು ಮಾರುಕಟ್ಟೆ ಬೆಲೆಗೆ ಮಾರಲಾಗದಿರುವುದು: ಇವುಗಳಲ್ಲಿ ಒಂದಿದ್ದರೂ ಸಾಕು. ಹೆಸರಿಗಷ್ಟೇ ಕೂಲಿ ಅಂದರೆ ಕನಿಷ್ಠ ವೇತನಕ್ಕಿಂತ ಕಡಿಮೆ. ಇನ್ನೊಂದು ಸ್ವಾರಸ್ಯ: ಎಲ್ಲೆಲ್ಲಿ ಇಂಥ ಒಪ್ಪಂದ ಇದೆಯೆಂದೇ ಭಾವಿಸಬೇಕು ಅನ್ನುವ ಪಟ್ಟಿಯಲ್ಲಿ ನಮ್ಮ 'ಜೀತ' ಪದವೇ ಇದೆ. ಪಕ್ಕದ ಸೀಮೆಯ 'ವೆಟ್ಟಿ'ಯೂ ಇದೆ.

'ಯಾರೂ ಹೊಡೆದು ಬಡಿದು ದುಡಿಸ್ತಿಲ್ವಲ್ಲ' ಅನ್ನುವ ವಾದಕ್ಕೆ 1982ರ ಏಷ್ಯಾಡ್ ಕಾರ್ಮಿಕರ ತೀರ್ಪು ಉತ್ತರ; ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟದ್ದು. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ ಅಲ್ವಾ? ಬಲವಂತ ಅಂದರೆ ಬರೀ ದೊಣ್ಣೆಯಲ್ಲ, ಹಸಿವು, ಬಡತನವೂ ಬಲವಂತವೇ ಅಂದರು ನ್ಯಾಯಮೂರ್ತಿ ಭಗವತಿ. ಕನಿಷ್ಠ ವೇತನ ಕೊಡದೆ ದುಡಿಸಿದರೂ 23ನೇ ವಿಧಿಯ ಉಲ್ಲಂಘನೆಯೇ. ಫರೀದಾಬಾದ್ ಕಲ್ಲು ಗಣಿಗಳ ಜೀತದಾಳುಗಳ ಪರವಾಗಿ ಒಂದು ಸಂಘಟನೆ ಸುಪ್ರೀಂ ಕೋರ್ಟಿಗೆ ಒಯ್ದ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣವನ್ನೂ ಇದರ ಜೊತೆಗೇ ಓದಿಕೊಳ್ಳಿ.

ನನಗೆ ಜಾಸ್ತಿ ಹಿಡಿಸಿದ್ದು ಜೀತ ಕಾಯ್ದೆಯ ಸೆಕ್ಷನ್ 15. ಇದು ಜೀತದ ಸಾಲ ಅಂತ ಆಳು ಹೇಳಿದರೆ ಸಾಕು, ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಲೆಕ್ಕದ ಪುಸ್ತಕ ಇರುವುದು ಅವನ ಕೈಯಲ್ಲೇ ತಾನೇ. ಶಿಕ್ಷೆ ಮಾತ್ರ ಸಪ್ಪೆ: 3 ವರ್ಷದವರೆಗೆ ಜೈಲು, ದಂಡ 2,000 ರೂಪಾಯಿವರೆಗೆ.

ದಿನಾಂಕ ಮರೆಯಬೇಡಿ. ಕಾಯ್ದೆ 1976ರದ್ದಾದರೂ ಜಾರಿ 25 ಅಕ್ಟೋಬರ್ 1975ರಿಂದ, ಮೊದಲು ಬಂದದ್ದು ಸುಗ್ರೀವಾಜ್ಞೆ.

ಪಾವಗಡದ ಗೆಳೆಯ ಕೇಳಿದ, 'ಹಾಗಾದ್ರೆ ಆ 30,000 ವಾಪಸ್ ಕೊಡಬೇಕಾ?' ಬೇಡ. ಸೆಕ್ಷನ್ 6ರ ಪ್ರಕಾರ ಆ ಸಾಲವೇ ಅಳಿಸಿಹೋಗಿದೆ. ಮಾಲೀಕ ವಸೂಲಿ ಮಾಡಿಕೊಂಡರೆ ಸೆಕ್ಷನ್ 9ರಲ್ಲಿ ಅದೇ ಇನ್ನೊಂದು ಅಪರಾಧ, ಆ ಹಣ ಆಳಿಗೆ ಹಿಂತಿರುಗಿಸಲು ಕೋರ್ಟ್ ಹೇಳಬಹುದು.