ಫ್ರೆಂಚ್ ಕಲಾ ಇತಿಹಾಸದ ‘ಸಲೋನ್’ ಎಂದರೆ ಯಾವುದು?

ಓದುಗರ ಪ್ರಶ್ನೆ: ಫ್ರೆಂಚ್ ಚಿತ್ರಕಲೆಯ ಕುರಿತು ಏನನ್ನು ಓದಿದರೂ ‘ಸಲೋನ್’ ಎಂಬ ಪದ ಎದುರಾಗುತ್ತದೆ. ಅದು ಕಟ್ಟಡವೇ, ಸಂಸ್ಥೆಯೇ, ಪ್ರದರ್ಶನವೇ?

ಉತ್ತರ: ಪ್ರದರ್ಶನ, ಹೆಸರು ಮಾತ್ರ ಒಂದು ಹಜಾರದ್ದು. 1648ರಲ್ಲಿ ಸ್ಥಾಪನೆಯಾದ ರಾಜಾಶ್ರಯದ ಕಲಾ ಅಕಾಡೆಮಿಯು 1725ರಲ್ಲಿ ತನ್ನ ಸದಸ್ಯರ ಕೃತಿಗಳನ್ನು ಲೂವ್ರ್ ಅರಮನೆಯ ‘ಸಲೋನ್ ಕಾರೆ’ ಎಂಬ ಚೌಕ ಹಜಾರದಲ್ಲಿ ಪ್ರದರ್ಶಿಸಿತು. 1737ರಿಂದ ಅದು ಅಲ್ಲಿ ನಿಯಮಿತವಾಗಿ ನಡೆಯತೊಡಗಿದ ಮೇಲೆ ಹಜಾರದ ಹೆಸರೇ ಪ್ರದರ್ಶನಕ್ಕೆ ನಿಂತಿತು.

ಅಲ್ಲಿ ಚಿತ್ರಗಳನ್ನು ಚೌಕಟ್ಟಿಗೆ ಚೌಕಟ್ಟು ತಾಗುವಷ್ಟು ಒತ್ತಾಗಿ, ಗೋಡೆಯ ತುದಿಯವರೆಗೂ ತೂಗುಹಾಕುತ್ತಿದ್ದರು. ಯಾವುದು ಕಣ್ಣಿನ ಮಟ್ಟದಲ್ಲಿರಬೇಕು, ಯಾವುದು ಮೇಲಕ್ಕೆ ಹೋಗಬೇಕು ಎಂಬುದನ್ನು ನಿರ್ಧರಿಸುವವನಿಗೆ ‘ತಾಪಿಸಿಯೆ’ ಎನ್ನುತ್ತಿದ್ದರು. ಪುರಾಣ, ಧರ್ಮ ಮತ್ತು ಇತಿಹಾಸದ ಚಿತ್ರಗಳಿಗೆ ಅಗ್ರಸ್ಥಾನವನ್ನೂ ಹಣ್ಣು, ಪಾತ್ರೆಗಳ ಸ್ಥಿರಚಿತ್ರಗಳಿಗೆ ಕೊನೆಯ ಸ್ಥಾನವನ್ನೂ ಕೊಟ್ಟಿದ್ದ ಆ ಅಕಾಡೆಮಿಯಲ್ಲಿ, ಈ ಕೆಲಸವನ್ನು ಹಲವು ವರ್ಷ ನಿರ್ವಹಿಸಿದವನು ಸ್ಥಿರಚಿತ್ರಗಳಿಗೇ ಹೆಸರಾದ ಶಾರ್ದೆಂ ಎಂಬುದು ಸ್ವಾರಸ್ಯಕರ.

ಕೃತಿಗಳನ್ನು ಆಯುವ ತೀರ್ಪುಗಾರರ ಮಂಡಳಿ 1748ರಲ್ಲಿ ಬಂದಿತು. 1791ರಲ್ಲಿ, ಕ್ರಾಂತಿಯ ಕಾಲದಲ್ಲಿ, ಸದಸ್ಯರಲ್ಲದ ಕಲಾವಿದರಿಗೂ ಸಲೋನ್ ತೆರೆದುಕೊಂಡಿತು. 19ನೆಯ ಶತಮಾನದ ಚಿತ್ರಕಾರನಿಗೆ ಗಿರಾಕಿ, ಸರ್ಕಾರಿ ಖರೀದಿ, ಪತ್ರಿಕಾ ವಿಮರ್ಶೆಗಳೆಲ್ಲ ಮುಖ್ಯವಾಗಿ ಅಲ್ಲಿಂದಲೇ ದೊರೆಯಬೇಕಿದ್ದುದರಿಂದ ತಿರಸ್ಕಾರವೆಂದರೆ ಹೊಟ್ಟೆಯ ಮೇಲಿನ ಹೊಡೆತವೇ ಆಗಿತ್ತು. 1863ರಲ್ಲಿ ದೂರುಗಳು ಹೆಚ್ಚಿದಾಗ ಮೂರನೆಯ ನೆಪೋಲಿಯನ್ ತಿರಸ್ಕೃತ ಕೃತಿಗಳಿಗೇ ಪ್ರತ್ಯೇಕ ಪ್ರದರ್ಶನ ಏರ್ಪಡಿಸಿದನು. ಅದೇ ‘ಸಲೋನ್ ದೆ ರೆಫ್ಯುಸೆ’. ಚಿತ್ರಕಾರ ಎದ್ವಾರ್ ಮಾನೆಯ ‘ಹುಲ್ಲಿನ ಮೇಲಿನ ಊಟ’ವನ್ನು ನೋಡಿ ಜನ ನಕ್ಕದ್ದು ಅಲ್ಲಿಯೇ.

ಇಷ್ಟರಿಂದ ಸಲೋನ್ ಹೊಸತನದ ಶತ್ರುವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಮಾನೆಯ ‘ಒಲಿಂಪಿಯಾ’ ಕೋಲಾಹಲವೆಬ್ಬಿಸಿದ್ದು 1865ರ ಅಧಿಕೃತ ಸಲೋನ್‌ನಲ್ಲಿ. ಅದೇ ವರ್ಷ ಇನ್ನೊಬ್ಬ ಚಿತ್ರಕಾರ ಕ್ಲೋದ್ ಮೊನೆಯ ಸಮುದ್ರದೃಶ್ಯಗಳೂ ಅಲ್ಲಿ ಸ್ವೀಕೃತವಾಗಿದ್ದವು. ಆದರೂ ಮೊನೆ ಮತ್ತು ಅವನ ಸಂಗಾತಿಗಳು 1874ರಲ್ಲಿ ತೀರ್ಪುಗಾರರಿಲ್ಲದ ತಮ್ಮದೇ ಪ್ರದರ್ಶನ ನಡೆಸಿದರು.

1881ರಲ್ಲಿ ಸರ್ಕಾರ ಸಲೋನ್‌ನ ಹೊಣೆಯನ್ನು ಕಲಾವಿದರ ಸಂಘಕ್ಕೆ ಒಪ್ಪಿಸಿತು. ಬಳಿಕ ಸಲೋನ್‌ಗಳು ಹಲವಾದವು: 1884ರಲ್ಲಿ ಸ್ವತಂತ್ರರದು, 1903ರಲ್ಲಿ ಶರತ್ಕಾಲದ್ದು. ಆದ್ದರಿಂದ ಅಮೃತಾ ಶೇರ್‌ಗಿಲ್ 1933ರಲ್ಲಿ ಪ್ಯಾರಿಸ್‌ನ ಸಲೋನ್‌ನಲ್ಲಿ ಚಿನ್ನದ ಪದಕ ಪಡೆದರೆಂದು ಓದುವಾಗ, ಅದನ್ನು ಮಾನೆಯ ಕಾಲದ ಸರ್ಕಾರಿ ಸಲೋನ್ ಎಂದು ಭಾವಿಸಬಾರದು. ಸರ್ಕಾರ ಅದರಿಂದ ಕೈತೊಳೆದುಕೊಂಡು ಆಗಲೇ ಅರ್ಧ ಶತಮಾನ ಕಳೆದಿತ್ತು.