ಸ್ಟೇಡಿಯಂಗೆ ಜಾಸ್ತಿ ಜನ ಬಂದರೆ ಫುಟ್‌ಬಾಲ್ ಕ್ಲಬ್ ದೊಡ್ಡದಾ?

ಓದುಗರ ಪ್ರಶ್ನೆ: "ವೆಸ್ಟ್ ಹ್ಯಾಮ್ ಪಂದ್ಯಕ್ಕೆ 62,000 ಜನ ಬರ್ತಾರೆ. ಚೆಲ್ಸಿಗೆ 40,000 ಅಷ್ಟೇ. ಹಾಗಾದ್ರೆ ವೆಸ್ಟ್ ಹ್ಯಾಮ್ ದೊಡ್ಡ ಕ್ಲಬ್ ಅಲ್ವಾ?"

ಅಲ್ಲ.

ಇಷ್ಟು ಹೇಳಿ ಮುಗಿಸಿಬಿಡುವ ಆಸೆ ನನಗೂ ಇದೆ. ಆದರೆ ಪ್ರತಿ ಸೀಸನ್ ಮುಗಿದ ಮೇಲೆ ಸರಾಸರಿ ಪ್ರೇಕ್ಷಕರ ಪಟ್ಟಿ ಹೊರಬರುತ್ತದೆ, ಅದರ ಹಿಂದೆಯೇ ಈ ಪ್ರಶ್ನೆ ಬರುತ್ತದೆ, ಕ್ಲಬ್‌ಗಳ ಹೆಸರು ಮಾತ್ರ ಬೇರೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ತೋರಿಸಿದರೆ ಸಾಕು.

ಆ ಪಟ್ಟಿ ಏನನ್ನು ಅಳೆಯುತ್ತದೆ ಅಂತ ಮೊದಲು ನೋಡೋಣ. ಪಂದ್ಯ ನೋಡಲು ಎಷ್ಟು ಜನರಿಗೆ ಆಸೆಯಿದೆ ಅನ್ನುವುದನ್ನು ಅದು ಅಳೆಯುವುದಿಲ್ಲ. ಎಷ್ಟು ಜನರಿಗೆ ಸೀಟಿದೆ ಅನ್ನುವುದನ್ನು ಅಳೆಯುತ್ತದೆ. ಪಾತ್ರೆ ಎಷ್ಟು ದೊಡ್ಡದು ಅಂತ ನೋಡಿ ಬಾಯಾರಿಕೆ ಎಷ್ಟು ಅಂತ ಹೇಳಿದ ಹಾಗೆ. ಇಂಗ್ಲೆಂಡ್‌ನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ ಹೆಚ್ಚಿನ ಪಂದ್ಯಗಳಿಗೆ ಸ್ಟೇಡಿಯಂ ತುಂಬಿರುತ್ತದೆ, ಇಲ್ಲವೇ ತುಂಬುವುದಕ್ಕೆ ಸ್ವಲ್ಪವೇ ಬಾಕಿ ಇರುತ್ತದೆ. ಹಾಗಾಗಿ ಅಲ್ಲಿನ ಸರಾಸರಿ ಪಟ್ಟಿ ಅಂದರೆ ಬಹುಪಾಲು ಸ್ಟೇಡಿಯಂಗಳ ಸಾಮರ್ಥ್ಯದ ಪಟ್ಟಿ, ಹೆಸರು ಮಾತ್ರ ಬೇರೆ.

ಲಿವರ್‌ಪೂಲ್‌ನ ಆನ್‌ಫೀಲ್ಡ್ ತಗೊಳ್ಳಿ. 2016ರಲ್ಲಿ ಮೇನ್ ಸ್ಟ್ಯಾಂಡ್ ದೊಡ್ಡದು ಮಾಡುವವರೆಗೂ ಅಲ್ಲಿ ಹಿಡಿಸುತ್ತಿದ್ದದ್ದು ಸುಮಾರು 45,000 ಜನ. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ 52,000. ಅಂದಮೇಲೆ ವರ್ಷ ವರ್ಷವೂ ನ್ಯೂಕಾಸಲ್ ಪಟ್ಟಿಯಲ್ಲಿ ಲಿವರ್‌ಪೂಲ್‌ಗಿಂತ ಮೇಲೆ. ನ್ಯೂಕಾಸಲ್ ಕೊನೆಯ ಸಲ ಲೀಗ್ ಗೆದ್ದದ್ದು 1927ರಲ್ಲಿ. ಲಿವರ್‌ಪೂಲ್ 2016ರೊಳಗೆ ಐದು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ತಂದಿಟ್ಟಿತ್ತು. ಆ ವರ್ಷಗಳಲ್ಲಿ ಯಾರಾದರೂ ನ್ಯೂಕಾಸಲ್ ದೊಡ್ಡದು ಅಂದಿದ್ದರೆ ನ್ಯೂಕಾಸಲ್ ಅಭಿಮಾನಿಗಳೇ ನಗುತ್ತಿದ್ದರು.

ಈಗ ಪ್ರಶ್ನೆಯಲ್ಲಿರುವ ವೆಸ್ಟ್ ಹ್ಯಾಮ್‌ಗೆ ಬರೋಣ. ಹಳೆಯ ಮೈದಾನ ಅಪ್ಟನ್ ಪಾರ್ಕ್‌ನಲ್ಲಿ ಅವರಿಗೆ ಸುಮಾರು 35,000 ಜನ ಬರುತ್ತಿದ್ದರು. 2016ರ ಬೇಸಿಗೆಯಲ್ಲಿ, 2012ರ ಒಲಿಂಪಿಕ್ಸ್‌ಗಾಗಿ ಕಟ್ಟಿದ್ದ ಲಂಡನ್ ಸ್ಟೇಡಿಯಂಗೆ ಹೋದರು. ಹೊಸ ಸೀಸನ್‌ನ ಸರಾಸರಿ 57,000ದ ಹತ್ತಿರ ಬಂತು. ಮೂರೇ ತಿಂಗಳಲ್ಲಿ ಒಂದು ಕ್ಲಬ್ ಅಷ್ಟು ಬೆಳೆಯಿತೇ? ತಂಡ ಅದರ ಹಿಂದಿನ ವರ್ಷ 7ನೇ ಸ್ಥಾನ ಪಡೆದಿತ್ತು, ಹೊಸ ಮನೆಗೆ ಹೋದ ವರ್ಷ 11ನೇ ಸ್ಥಾನಕ್ಕೆ ಇಳಿಯಿತು. ಆಟ ಕೆಟ್ಟಿತು, ಜನ ಹೆಚ್ಚಾದರು. ಕಾರಣದಲ್ಲಿ ಗುಟ್ಟೇನಿಲ್ಲ. ಸೀಟು ಇತ್ತು, ಅಗ್ಗದ ಸೀಸನ್ ಟಿಕೆಟ್ 289 ಪೌಂಡ್‌ಗೆ ಸಿಗುತ್ತಿತ್ತು. ಲಂಡನ್ನಿನಲ್ಲಿ, ಪ್ರೀಮಿಯರ್ ಲೀಗ್ ಪಂದ್ಯಗಳಿಗೆ, ಆ ಬೆಲೆ. ಯಾರು ಬಿಡುತ್ತಾರೆ?

ಎವರ್ಟನ್ ಕೂಡ ಹಾಗೇ. ಹಳೆಯ ಗುಡಿಸನ್ ಪಾರ್ಕ್‌ನಲ್ಲಿ ಸುಮಾರು 39,000 ಸೀಟು, 2025ರಲ್ಲಿ ಹೋದ ಹೊಸ ಸ್ಟೇಡಿಯಂನಲ್ಲಿ 52,000ಕ್ಕೂ ಹೆಚ್ಚು. ಸಾಮಾನು ಸಾಗಿಸಿದ ದಿನ ಕ್ಲಬ್ ದೊಡ್ಡದಾಯಿತು ಅಂತ ಯಾರೂ ಹೇಳಲಿಲ್ಲ.

ಇದನ್ನು ತಿರುಗಿಸಿಯೂ ನೋಡಬಹುದು. ಬಾರ್ಸಿಲೋನಾ 2022-23ರಲ್ಲಿ ಕ್ಯಾಂಪ್ ನೌನಲ್ಲಿ ಸರಾಸರಿ 83,000 ಜನರ ಮುಂದೆ ಆಡಿತು. ಆಮೇಲೆ ರಿಪೇರಿ ಶುರುವಾಯಿತು, ತಂಡ ಮೊಂಟ್‌ಜುಯಿಕ್ ಗುಡ್ಡದ ಮೇಲಿನ ಒಲಿಂಪಿಕ್ ಸ್ಟೇಡಿಯಂಗೆ ಹೋಯಿತು, ಸರಾಸರಿ ಅರ್ಧದ ಆಸುಪಾಸಿಗೆ ಬಂತು. ಪಟ್ಟಿಯನ್ನೇ ನಂಬುವವರ ಲೆಕ್ಕದಲ್ಲಿ ಬಾರ್ಸಿಲೋನಾ ಒಂದೇ ವರ್ಷದಲ್ಲಿ ಅರ್ಧ ಕ್ಲಬ್ ಆಯಿತು. ಆ ಅರ್ಧ ಕ್ಲಬ್ಬೇ 2024-25ರಲ್ಲಿ ಸ್ಪೇನ್‌ನ ಲೀಗ್ ಆದ ಲಾ ಲೀಗಾ ಗೆದ್ದಿತು.

ಇನ್ನೊಂದು ವಿಷಯವಿದೆ, ಇದನ್ನು ಹೇಳಿದಾಗ ಹಲವರಿಗೆ ಕೋಪ ಬರುತ್ತದೆ. ಪಂದ್ಯದ ದಿನ ಘೋಷಿಸುವ ಸಂಖ್ಯೆ ಸಾಮಾನ್ಯವಾಗಿ ಮಾರಾಟವಾದ ಟಿಕೆಟ್‌ಗಳದ್ದು. ಒಳಗೆ ಬಂದು ಕೂತವರದ್ದಲ್ಲ. ಸೀಸನ್ ಟಿಕೆಟ್ ಇರುವವನು ಮಳೆಗೆ ಹೆದರಿ ಮನೆಯಲ್ಲೇ ಉಳಿದರೂ ಅವನು ಲೆಕ್ಕದಲ್ಲಿ ಸ್ಟೇಡಿಯಂನಲ್ಲಿಯೇ ಇದ್ದಾನೆ. ಟಿವಿಯಲ್ಲಿ ಸಾಲು ಸಾಲು ಖಾಲಿ ಸೀಟು ಕಾಣುತ್ತಿರುತ್ತದೆ, ಪರದೆಯ ಮೇಲೆ ಮಾತ್ರ ಹೌಸ್‌ಫುಲ್‌ಗೆ ಹತ್ತಿರದ ಸಂಖ್ಯೆ ಬರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ದುಡ್ಡು ಬಂದಿರುವುದು ನಿಜ. ಗೇಟಿನಲ್ಲಿ ಎಣಿಸಿದ ನಿಜವಾದ ಲೆಕ್ಕ ಬೇರೆಯೇ ಇರುತ್ತದೆ, ಸುರಕ್ಷತೆ ನೋಡಿಕೊಳ್ಳುವವರಿಗೆ ಅದು ಬೇಕಾಗುತ್ತದೆ. ಆದರೆ ಎರಡು ಕ್ಲಬ್‌ಗಳ ನಡುವೆ ಎರಡು ಸಾವಿರದ ವ್ಯತ್ಯಾಸ ಹಿಡಿದುಕೊಂಡು ರಾತ್ರಿಯಿಡೀ ಜಗಳ ಆಡುವವರು ಇದನ್ನು ಒಮ್ಮೆ ಯೋಚಿಸಬೇಕು.

"ಸರಾಸರಿ ಬೇಡ, ದಾಖಲೆ ನೋಡೋಣ" ಅನ್ನುವವರೂ ಇದ್ದಾರೆ. ಆಯ್ತು, ನೋಡೋಣ. ಇಂಗ್ಲೆಂಡ್‌ನಲ್ಲಿ ಒಂದು ಕ್ಲಬ್ ತನ್ನ ಸ್ವಂತ ಮೈದಾನದಲ್ಲಿ ಸೇರಿಸಿದ ಅತಿ ದೊಡ್ಡ ಜನಸಂದಣಿ 84,569. ಅದು 1934ರಲ್ಲಿ, ಮೇನ್ ರೋಡ್‌ನಲ್ಲಿ, ಸ್ಟೋಕ್ ವಿರುದ್ಧದ ಎಫ್ಎ ಕಪ್ ಪಂದ್ಯಕ್ಕೆ. ಯಾರ ಮೈದಾನ? ಮ್ಯಾಂಚೆಸ್ಟರ್ ಸಿಟಿಯದು. ಈಗಿನ ಶ್ರೀಮಂತ ಮಾಲೀಕರ ದುಡ್ಡು ಬರುವ ಮುಂಚೆ ಸಿಟಿಗೆ ಅಭಿಮಾನಿಗಳೇ ಇರಲಿಲ್ಲ ಅಂತ ಸುಮ್ನೆ ಹೇಳುವವರು ಈ ಸಂಖ್ಯೆ ಬರೆದಿಟ್ಟುಕೊಳ್ಳಲಿ. ಇನ್ನೂ ತಮಾಷೆ ಅಂದರೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಲೀಗ್ ದಾಖಲೆಯೂ ಅಲ್ಲಿಯದೇ. 1948ರಲ್ಲಿ ಆರ್ಸೆನಲ್ ವಿರುದ್ಧ 83,260 ಜನ. ಯುನೈಟೆಡ್‌ನ ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್ ಮೇಲೆ ಯುದ್ಧದಲ್ಲಿ ಬಾಂಬ್ ಬಿದ್ದಿತ್ತು, ಯುನೈಟೆಡ್ ಆಗ ಸಿಟಿಯ ಮೈದಾನದಲ್ಲಿ ಆಡುತ್ತಿತ್ತು.

ಆಗಿನ ಕಾಲವೇ ಬೇರೆ. ಜನ ನಿಂತು ನೋಡುತ್ತಿದ್ದರು, ಮನೆಯಲ್ಲಿ ಟಿವಿ ಇರುವುದೇ ಅಪರೂಪ. 1948-49ರಲ್ಲಿ ಇಂಗ್ಲಿಷ್ ಲೀಗ್‌ನ ಎಲ್ಲ ಡಿವಿಷನ್ ಸೇರಿ 4 ಕೋಟಿ 12 ಲಕ್ಷಕ್ಕೂ ಹೆಚ್ಚು ಜನ ಬಂದರು. 1985-86ಕ್ಕೆ ಅದು ಸುಮಾರು 1 ಕೋಟಿ 65 ಲಕ್ಷಕ್ಕೆ ಬಿತ್ತು. 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಜನದಟ್ಟಣೆಗೆ ಸಿಕ್ಕಿ ಹಲವರು ಸತ್ತ ದುರಂತದ ನಂತರ ಬಂದ ಟೇಲರ್ ವರದಿಯಿಂದಾಗಿ ದೊಡ್ಡ ಕ್ಲಬ್‌ಗಳು ನಿಲ್ಲುವ ಜಾಗ ತೆಗೆದು ಸೀಟು ಹಾಕಬೇಕಾಯಿತು, ಸಾಮರ್ಥ್ಯ ಇನ್ನೂ ಇಳಿಯಿತು. ಇಷ್ಟೆಲ್ಲ ಬದಲಾದ ಮೇಲೆ ಅಂದಿನ ಸಂಖ್ಯೆಯನ್ನು ಇಂದಿನದರ ಪಕ್ಕದಲ್ಲಿಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಹಾಗಾದ್ರೆ ಪ್ರೇಕ್ಷಕರ ಸಂಖ್ಯೆ ಪೂರ್ತಿ ದಂಡವಾ? ಇಲ್ಲ. ಒಂದು ಸಂದರ್ಭದಲ್ಲಿ ಮಾತ್ರ ಅದು ನಿಜ ಹೇಳುತ್ತದೆ. ತಂಡ ಕೆಟ್ಟದಾಗಿ ಆಡುತ್ತಿರುವಾಗ, ಸ್ಟೇಡಿಯಂನಲ್ಲಿ ಸೀಟು ಖಾಲಿ ಇರುವಾಗ, ಬರಲೇಬೇಕು ಅನ್ನುವ ಕಾರಣ ಒಂದೂ ಇಲ್ಲದಾಗ ಯಾರು ಬರುತ್ತಾರೆ ಅಂತ ನೋಡಿ.

1998-99ರಲ್ಲಿ ಮ್ಯಾಂಚೆಸ್ಟರ್ ಸಿಟಿ ಮೂರನೇ ದರ್ಜೆಗೆ ಬಿದ್ದಿತ್ತು. ಆ ಡಿಸೆಂಬರ್‌ನಲ್ಲಿ ಯಾರ್ಕ್ ಸಿಟಿಯ ಕೈಯಲ್ಲಿ ಸೋತಿತು. ಅದೇ ಊರಿನ ಯುನೈಟೆಡ್ ಆ ವರ್ಷ ಲೀಗ್, ಎಫ್ಎ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದುಕೊಂಡಿತು. ಅಂಥ ವರ್ಷದಲ್ಲಿ ಮೇನ್ ರೋಡ್‌ಗೆ ಸರಾಸರಿ 28,000 ಜನ ಬಂದರು. ಆಗ ಪ್ರೀಮಿಯರ್ ಲೀಗ್‌ನಲ್ಲಿದ್ದ ಸೌತಾಂಪ್ಟನ್‌ನ 'ದ ಡೆಲ್' ಮೈದಾನದಲ್ಲಿ ಹಿಡಿಸುತ್ತಿದ್ದದ್ದೇ ಸುಮಾರು 15,000.

ಸಂಡರ್‌ಲ್ಯಾಂಡ್ ಎರಡು ವರ್ಷದಲ್ಲಿ ಎರಡು ಮೆಟ್ಟಿಲು ಜಾರಿ 2018ರಲ್ಲಿ ಲೀಗ್ ಒನ್‌ಗೆ ಬಂತು. ಆ ಸೀಸನ್‌ನ ಸರಾಸರಿ 30,000 ದಾಟಿತು. ಕ್ರಿಸ್ಮಸ್ ಮರುದಿನ ಬ್ರಾಡ್‌ಫರ್ಡ್ ಜೊತೆಗಿನ ಪಂದ್ಯಕ್ಕೆ 46,039 ಜನ, ಮೂರನೇ ದರ್ಜೆಯ ಫುಟ್‌ಬಾಲ್‌ಗೆ! 1974ರಲ್ಲಿ ಯುನೈಟೆಡ್ ಕೆಳಗಿಳಿದಾಗಲೂ ಹೀಗೇ ಆಯಿತು. ಎರಡನೇ ಡಿವಿಷನ್‌ನಲ್ಲಿ ಆಡಿದ ಆ ವರ್ಷ ಸರಾಸರಿ 48,000, ಮೊದಲ ಡಿವಿಷನ್‌ನ ಯಾವ ಕ್ಲಬ್‌ಗೂ ಅಷ್ಟು ಜನ ಬರಲಿಲ್ಲ.

ಈ ಅಳತೆಯೇ ನನಗೆ ಇಷ್ಟ. ಹಾಗಂತ ಇದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಆರ್ಸೆನಲ್ 1966ರ ಮೇ ತಿಂಗಳಲ್ಲಿ ಲೀಡ್ಸ್ ವಿರುದ್ಧ ಆಡಿದ ಲೀಗ್ ಪಂದ್ಯಕ್ಕೆ ಬಂದವರು 4,554 ಮಂದಿ. ಹೌದು, ಆರ್ಸೆನಲ್‌ನ ಆಗಿನ ಸ್ವಂತ ಮೈದಾನ ಹೈಬರಿಯಲ್ಲಿ. ಅದೇ ರಾತ್ರಿ ಲಿವರ್‌ಪೂಲ್‌ನ ಯುರೋಪಿಯನ್ ಫೈನಲ್ ಟಿವಿಯಲ್ಲಿ ಬರುತ್ತಿತ್ತು. 1982-83ರಲ್ಲಿ ಚೆಲ್ಸಿಯ ಸರಾಸರಿ 13,000 ಕೂಡ ಮುಟ್ಟಲಿಲ್ಲ. ಆ ದಿನಗಳನ್ನು ಹಿಡಿದುಕೊಂಡು ಇಂದಿನ ಚೆಲ್ಸಿಯನ್ನು ಚಿಕ್ಕದು ಅನ್ನುವುದಕ್ಕೆ ಆಗುತ್ತದಾ? ಅದಾದ ಮೇಲೆ ಎರಡು ಸಲ ಚಾಂಪಿಯನ್ಸ್ ಲೀಗ್ ಗೆದ್ದಿದೆ. ಕ್ಲಬ್‌ಗಳು ಬೆಳೆಯುತ್ತವೆ, ಸೊರಗುತ್ತವೆ.

ಬರೀ ಕಪ್‌ಗಳನ್ನು ಎಣಿಸಿದರೂ ಲೆಕ್ಕ ತಪ್ಪುತ್ತದೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಬಳಿ ಎರಡು ಯುರೋಪಿಯನ್ ಕಪ್ ಇವೆ, 1979 ಮತ್ತು 1980ರದು. ಇಂಗ್ಲಿಷ್ ಲೀಗ್ ಮಾತ್ರ ಒಂದೇ ಸಲ ಗೆದ್ದದ್ದು. ಎರಡು ಯುರೋಪಿಯನ್ ಕಪ್ ಇದೆ ಅಂತ ಅದನ್ನು ಯುನೈಟೆಡ್, ಲಿವರ್‌ಪೂಲ್ ಸಾಲಿಗೆ ಯಾರೂ ಸೇರಿಸುವುದಿಲ್ಲ.

ನನ್ನನ್ನು ಕೇಳಿದರೆ ದೊಡ್ಡತನ ಕಾಣುವುದು ನಿರೀಕ್ಷೆಯಲ್ಲಿ. ಡೇವಿಡ್ ಮೋಯೆಸ್ ವಿಷಯ ನೋಡಿ. ಎವರ್ಟನ್‌ನಲ್ಲಿ ಅವರು 2002ರಿಂದ ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದರು. 2011-12ರಲ್ಲಿ ತಂಡ 7ನೇ ಸ್ಥಾನದಲ್ಲಿ ಮುಗಿಸಿತು, ಒಳ್ಳೆ ಕೆಲಸ ಅಂತ ಜನ ಮೆಚ್ಚಿದರು. 2013ರಲ್ಲಿ ಅದೇ ಮನುಷ್ಯ ಯುನೈಟೆಡ್‌ಗೆ ಹೋದರು. 2014ರ ಏಪ್ರಿಲ್‌ನಲ್ಲಿ ತಂಡ 7ನೇ ಸ್ಥಾನದಲ್ಲಿದ್ದಾಗ ಕೆಲಸದಿಂದ ತೆಗೆದರು. ಅದೇ ಮ್ಯಾನೇಜರ್, ಅದೇ ಏಳನೇ ಸ್ಥಾನ. ಆ ಸೀಸನ್ ಪೂರ್ತಿ ಓಲ್ಡ್ ಟ್ರಾಫರ್ಡ್‌ನಲ್ಲಿ ಸರಾಸರಿ 75,000 ಜನ ಕೂತಿದ್ದರು, ಪ್ರೇಕ್ಷಕರ ಪಟ್ಟಿ ನೋಡಿದವರಿಗೆ ಅಲ್ಲಿ ಏನಾದರೂ ಆಗಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಯಾವ ಫಲಿತಾಂಶ ಒಂದು ಕಡೆ ಹಬ್ಬವೋ, ಅದೇ ಇನ್ನೊಂದು ಕಡೆ ನಾಚಿಕೆ. ಆ ಇನ್ನೊಂದು ಕಡೆ ಇರುವುದು ದೊಡ್ಡ ಕ್ಲಬ್.

ಇಲ್ಲಿಗೆ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಇದರ ಬಾಲದಲ್ಲಿ ಇನ್ನೊಂದು ಪ್ರಶ್ನೆಯಿದೆ, ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಅದೇ ಹೆಚ್ಚು ಕುತೂಹಲದ್ದು. ಸೀಟು ಹೆಚ್ಚಿದರೆ ಜನ ಹೆಚ್ಚುತ್ತಾರೆ ಅಂದಮೇಲೆ ಎಲ್ಲರೂ ದೊಡ್ಡ ಸ್ಟೇಡಿಯಂ ಕಟ್ಟಬಹುದಲ್ವಾ?

ಯುವೆಂಟಸ್ ಮಾಡಿದ್ದು ಇದರ ಉಲ್ಟಾ. ಇಟಲಿಯಲ್ಲಿ ಅವರಷ್ಟು ಅಭಿಮಾನಿಗಳು ಬೇರೆ ಯಾರಿಗೂ ಇಲ್ಲ, ಆದರೆ ಅವರು ದೇಶದ ತುಂಬ ಚದುರಿದ್ದಾರೆ. ಕ್ಲಬ್‌ನ ಊರಾದ ಟ್ಯೂರಿನ್‌ನಲ್ಲಿ 1990ರ ವಿಶ್ವಕಪ್‌ಗೆ ಕಟ್ಟಿದ ಡೆಲ್ಲೆ ಆಲ್ಪಿ ಸ್ಟೇಡಿಯಂನಲ್ಲಿ 69,000 ಸೀಟು. ಮೈದಾನದ ಸುತ್ತ ಓಟದ ಟ್ರ್ಯಾಕ್, ಹಿಂದೆ ಕೂತವರಿಗೆ ಆಟಗಾರರು ಇರುವೆಗಳಂತೆ ಕಾಣುತ್ತಿದ್ದರು. ಸ್ಟೇಡಿಯಂ ಅರ್ಧ ಖಾಲಿ ಇರುವುದೇ ಜಾಸ್ತಿ. 2001-02ರ ಒಂದು ಕೊಪ್ಪಾ ಇಟಾಲಿಯಾ (ಇಟಲಿಯ ಕಪ್ ಟೂರ್ನಿ) ಪಂದ್ಯಕ್ಕೆ ಮುನ್ನೂರು ಜನವೂ ಬರಲಿಲ್ಲ. ಕ್ಲಬ್ ಅದನ್ನು ಕೆಡವಿ, ಅದೇ ಜಾಗದಲ್ಲಿ 2011ರಲ್ಲಿ ಸುಮಾರು 41,000 ಸೀಟಿನ ಸ್ಟೇಡಿಯಂ ಕಟ್ಟಿತು. ಟ್ರ್ಯಾಕ್ ಹೋಯಿತು, ಪ್ರೇಕ್ಷಕರು ಮೈದಾನದ ಅಂಚಿಗೆ ಬಂದರು, ಸೀಟು ತುಂಬತೊಡಗಿತು. ಅಲ್ಲಿಂದ ಸತತ ಒಂಬತ್ತು ಲೀಗ್ ಗೆದ್ದರು. ಎಲ್ಲ ಸ್ಟೇಡಿಯಂನಿಂದಲೇ ಅಂತ ನಾನು ಹೇಳುವುದಿಲ್ಲ, ಆದರೆ ಸೀಟು ಕಡಿಮೆ ಮಾಡಿಕೊಂಡು ಅವರು ಕಳೆದುಕೊಂಡದ್ದೇನೂ ಇಲ್ಲ.

ಇನ್ನು ಡಾರ್ಲಿಂಗ್ಟನ್. ಆಗ ಇಂಗ್ಲೆಂಡ್‌ನ ನಾಲ್ಕನೇ ದರ್ಜೆಯಲ್ಲಿದ್ದ ಸಣ್ಣ ಕ್ಲಬ್. ಮಾಲೀಕರು 2003ರಲ್ಲಿ 25,000 ಸೀಟಿನ ಸ್ಟೇಡಿಯಂ ಕಟ್ಟಿಸಿದರು. ಮೊದಲ ಪಂದ್ಯಕ್ಕೆ 11,600 ಜನ ಬಂದರು, ಹೊಸದು ನೋಡುವ ಆಸೆ ಎಲ್ಲರಿಗೂ ಇರುತ್ತದಲ್ಲ. ಕ್ಲಬ್ ಅಲ್ಲಿ ಆಡಿದ ಅಷ್ಟೂ ವರ್ಷಗಳಲ್ಲಿ ಅದೇ ದಾಖಲೆಯಾಗಿ ಉಳಿಯಿತು. ಸಾಲ ಏರಿತು, ಅದೇ ಡಿಸೆಂಬರ್‌ನಲ್ಲಿ ಸಾಲ ತೀರಿಸಲಾಗದ ಕ್ಲಬ್‌ನ ಆಡಳಿತ ಹೊರಗಿನ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅದೇ ಗತಿ ಮತ್ತೆರಡು ಸಲ ಬಂತು. 2012ರಲ್ಲಿ ಅಭಿಮಾನಿಗಳು ಸೇರಿ ಕ್ಲಬ್ಬನ್ನು ಹೊಸ ಹೆಸರಿನಲ್ಲಿ ಕಟ್ಟಿ, ಪಕ್ಕದ ಬಿಷಪ್ ಆಕ್ಲೆಂಡ್ ಊರಿನ ಪುಟ್ಟ ಮೈದಾನದಲ್ಲಿ ಕೆಳಗಿನ ಲೀಗ್‌ನಿಂದ ಶುರು ಮಾಡಿ, ಮೊದಲ ವರ್ಷವೇ ಆ ಲೀಗ್ ಗೆದ್ದರು. 25,000 ಸೀಟಿನ ಸ್ಟೇಡಿಯಂ ಒಂದು ರಗ್ಬಿ ಕ್ಲಬ್‌ನ ಪಾಲಾಯಿತು.